ಪದ ಹುಟ್ಟುವುದನ್ನು ಕಣ್ಣಾರೆ ನೋಡಬೇಕೇ? ನೆಟ್‌ಲೋಗೋ ಹಾಕಿಕೊಳ್ಳಿ: ಡೊಂಬಿವಲಿಯಿಂದ ಒಂದು ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಇದು ಪೂರ್ತಿ ಮನಸ್ಸಿನ ಶಿಫಾರಸು. ನೆಟ್‌ಲೋಗೋ ಅನ್ನೋ ಈ ಸಾಫ್ಟ್‌ವೇರ್ ಉಚಿತ. ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಪ್ರೋಗ್ರಾಮಿಂಗ್ ಗೊತ್ತಿಲ್ಲದವರೂ ಸ್ವಲ್ಪ ಕೂತು ನೋಡಿದರೆ ಕೈಗೆ ಹತ್ತುತ್ತದೆ.

ನಾನು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಭಾನುವಾರ ಬೆಳಗ್ಗೆ ನಮ್ಮವರ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಬರುವ ಮಕ್ಕಳಲ್ಲಿ ಒಬ್ಬರ ಮನೆಮಾತು ತುಳು, ಇನ್ನೊಬ್ಬರದು ವಿಜಯಪುರದ ಕನ್ನಡ, ಮತ್ತೊಬ್ಬರದು ಕೊಂಕಣಿ. ಬಿಲ್ಡಿಂಗಿನ ಕೆಳಗೆ ಆಡುವಾಗ ಮರಾಠಿ ಹಿಂದಿ, ಶಾಲೆಗೆ ಹೋದರೆ ಇಂಗ್ಲಿಷ್. ಇಂಥ ಕ್ಲಾಸಿನಲ್ಲಿ "ಇದಕ್ಕೆ ಇದೇ ಹೆಸರು ಅಂತ ಮೊದಲು ಯಾರು ಡಿಸೈಡ್ ಮಾಡಿದ್ರು ಟೀಚರ್?" ಅನ್ನೋ ಪ್ರಶ್ನೆ ಬಂದೇ ಬರುತ್ತದೆ. ಯಾರೂ ಮಾಡಲಿಲ್ಲ, ತಾನಾಗಿಯೇ ಆಯಿತು ಅಂದರೆ ಮಕ್ಕಳು ನಂಬುವುದಿಲ್ಲ. ನಂಬಬಾರದು ಕೂಡ. ತಾನಾಗಿ ಹೇಗೆ ಆಗುತ್ತದೆ ಅಂತ ತೋರಿಸಬೇಕು, ಅಲ್ವಾ? ಅದನ್ನು ತೋರಿಸುವ ಸಾಧನ ಇದು.

ನೆಟ್‌ಲೋಗೋ ಅಂದರೆ ಏನು ಅಂತ ಚಿಕ್ಕದಾಗಿ. 1999ರಲ್ಲಿ ಯೂರಿ ವಿಲೆನ್ಸ್ಕಿ ಬರೆದ ಸಾಫ್ಟ್‌ವೇರ್. ಈಗ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಅವರ ಕೇಂದ್ರವೇ ನೋಡಿಕೊಳ್ಳುತ್ತದೆ. ಮಕ್ಕಳಿಗಾಗಿ 1967ರಲ್ಲಿ ಬಂದ ಲೋಗೋ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ವಂಶದ್ದು, ಹಾಗಾಗಿ ಪರದೆ ಮೇಲೆ ಓಡಾಡುವ ಪುಟ್ಟ ಪಾತ್ರಗಳನ್ನು ಇದರಲ್ಲೂ ಟರ್ಟಲ್ (ಆಮೆ) ಅಂತಲೇ ಕರೆಯುತ್ತಾರೆ. ನೆಲದ ಒಂದೊಂದು ಚೌಕ ಒಂದು ಪ್ಯಾಚ್. ಟರ್ಟಲ್ ಆಗಲಿ ಪ್ಯಾಚ್ ಆಗಲಿ, ಎರಡೂ ಏಜೆಂಟುಗಳೇ. ಪ್ರತಿಯೊಂದಕ್ಕೂ ತನ್ನದೇ ನೆನಪು, ತನ್ನದೇ ಬಣ್ಣ. ನೀವು ನಿಯಮ ಬರೆದುಕೊಡುತ್ತೀರಿ, ಅವು ಅದರಂತೆ ನಡೆಯುತ್ತವೆ. ಒಟ್ಟಾರೆ ಏನಾಗಬೇಕು ಅಂತ ಎಲ್ಲಿಯೂ ಬರೆದಿರುವುದಿಲ್ಲ. ನನಗೆ ಬೇಕಾಗಿದ್ದದ್ದು ಇದೇ.

ಡೌನ್‌ಲೋಡ್ ಮಾಡಿ ಹಾಕಿಕೊಳ್ಳುವುದರಲ್ಲಿ ತಲೆನೋವೇನಿಲ್ಲ. ಜೊತೆಗೆ ಮಾಡೆಲ್ಸ್ ಲೈಬ್ರರಿ ಅಂತ ದೊಡ್ಡದೊಂದು ಸಂಗ್ರಹ ಬರುತ್ತದೆ. ಇರುವೆಗಳು ವಾಸನೆ ಬಿಟ್ಟು ದಾರಿ ಮಾಡಿಕೊಳ್ಳುವುದು, ಮಿಂಚುಹುಳುಗಳು ಒಟ್ಟಿಗೆ ಮಿನುಗಲು ಶುರುಮಾಡುವುದು, ಜೇನುಹುಳುಗಳು ಕುಣಿದು ಹೇಳಿ ಹೊಸ ಗೂಡಿನ ಜಾಗ ಆರಿಸುವುದು, ಎಲ್ಲ ಅದರಲ್ಲಿವೆ. ಭಾಷೆ ಬದಲಾಗುವುದರ ಬಗ್ಗೆ ಲ್ಯಾಂಗ್ವೇಜ್ ಚೇಂಜ್ ಅನ್ನೋ ಮಾಡೆಲ್ ಕೂಡ ಇದೆ. ಒಂದು ಜಾಲದಲ್ಲಿ ಕೂತ ಜನ, ಎರಡು ವ್ಯಾಕರಣ, ಯಾವುದು ಹರಡುತ್ತದೆ ಅನ್ನೋದು ಅದರ ವಿಷಯ. ಚೆನ್ನಾಗಿದೆ, ನೋಡಿ. ಆದರೆ ಅಲ್ಲಿ ಎರಡೂ ವ್ಯಾಕರಣ ಮೊದಲೇ ಸಿದ್ಧ ಇರುತ್ತವೆ. ನಮ್ಮ ಪ್ರಶ್ನೆ ಅದಕ್ಕಿಂತ ಹಿಂದಿನದು. ಏನೂ ಇಲ್ಲದ ಕಡೆ ಪದ ಹೇಗೆ ಬರುತ್ತದೆ? ಅದಕ್ಕೆ ನೀವೇ ನೇಮಿಂಗ್ ಗೇಮ್, ಅಂದರೆ ಹೆಸರಿಡುವ ಆಟ, ಬರೆದುಕೊಳ್ಳಬೇಕು. ಹೆದರಬೇಡಿ, ಒಂದು ಪುಟಕ್ಕಿಂತ ಕಡಿಮೆ.

ಈ ಆಟದ ಹಿನ್ನೆಲೆ ಸ್ವಲ್ಪ ಗೊತ್ತಿದ್ದರೆ ಒಳ್ಳೆಯದು. 1969ರಲ್ಲಿ ಡೇವಿಡ್ ಲೂಯಿಸ್ ಅನ್ನೋ ತತ್ವಶಾಸ್ತ್ರಜ್ಞ ಒಂದು ಮಾತು ಎತ್ತಿದರು: ಇಬ್ಬರು ಒಂದು ಸಂಕೇತದ ಅರ್ಥವನ್ನು ಒಪ್ಪಿಕೊಳ್ಳಲು ಮೊದಲೇ ಕೂತು ಮಾತಾಡಬೇಕು ಅಂತೇನಿಲ್ಲ, ಆಟದಲ್ಲಿ ಇಬ್ಬರಿಗೂ ಲಾಭ ಇದ್ದರೆ ರೂಢಿಯೇ ಒಪ್ಪಂದ ಆಗಿಬಿಡುತ್ತದೆ. 1990ರ ದಶಕದಲ್ಲಿ ಬೆಲ್ಜಿಯಂನ ಲುಕ್ ಸ್ಟೀಲ್ಸ್ ಇದನ್ನು ಕಂಪ್ಯೂಟರಿಗೆ ತಂದರು. ಆಮೇಲೆ ಯಂತ್ರಕ್ಕೂ ತಂದರು. 1999ರ ಟಾಕಿಂಗ್ ಹೆಡ್ಸ್ ಪ್ರಯೋಗದಲ್ಲಿ ಎರಡು ಕ್ಯಾಮೆರಾಗಳು ಬಿಳಿ ಹಲಗೆ ಮೇಲೆ ಅಂಟಿಸಿದ ಬಣ್ಣಬಣ್ಣದ ತ್ರಿಕೋನ, ವೃತ್ತ, ಚೌಕಗಳನ್ನು ನೋಡುತ್ತಿದ್ದವು. ಒಂದು ಏಜೆಂಟ್ ಒಂದು ಆಕಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಪದ ಹೇಳುತ್ತದೆ, ಇನ್ನೊಂದು ಯಾವುದು ಅಂತ ಊಹಿಸುತ್ತದೆ. ಏಜೆಂಟುಗಳು ಇಂಟರ್ನೆಟ್ ಮೂಲಕ ಒಂದು ಊರಿನ ಕ್ಯಾಮೆರಾದಿಂದ ಇನ್ನೊಂದು ಊರಿನ ಕ್ಯಾಮೆರಾಗೆ ಹೋಗಬಹುದಿತ್ತು. ಅವುಗಳಿಗೆ ಯಾರೂ ನಿಘಂಟು ಕೊಟ್ಟಿರಲಿಲ್ಲ. ಆದರೂ ಹಂಚಿಕೊಂಡ ಪದಗಳು ನಿಂತವು.

ನಾವು ನೆಟ್‌ಲೋಗೋದಲ್ಲಿ ಮಾಡುವುದು ಇದರ ತೀರಾ ಸರಳ ರೂಪ, 2006ರಲ್ಲಿ ಆಂಡ್ರಿಯಾ ಬರೊಂಕೆಲ್ಲಿ ಮತ್ತು ಜೊತೆಗಾರರು (ಸ್ಟೀಲ್ಸ್ ಕೂಡ ಅದರಲ್ಲಿದ್ದರು) ಪ್ರಕಟಿಸಿದ್ದು. ವಸ್ತು ಒಂದೇ. ಎಲ್ಲರ ಪಟ್ಟಿಯೂ ಮೊದಲು ಖಾಲಿ. ಪ್ರತಿ ಸಲ ಇಬ್ಬರನ್ನು ಚೀಟಿ ಎತ್ತಿದ ಹಾಗೆ ಆರಿಸಬೇಕು. ಒಬ್ಬ ಹೇಳುವವ, ಒಬ್ಬ ಕೇಳುವವ. ಹೇಳುವವನ ಪಟ್ಟಿಯಲ್ಲಿ ಪದ ಇದ್ದರೆ ಅದರಿಂದ ಯಾವುದಾದರೂ ಒಂದು ಹೇಳುತ್ತಾನೆ, ಇಲ್ಲದಿದ್ದರೆ ಹೊಸದೊಂದು ಕಟ್ಟುತ್ತಾನೆ. ಕೇಳುವವನ ಪಟ್ಟಿಯಲ್ಲಿ ಆ ಪದ ಇಲ್ಲ ಅಂದರೆ ಸೇರಿಸಿಕೊಳ್ಳುತ್ತಾನೆ. ಇದ್ದರೆ ಇಬ್ಬರೂ ಬೇರೆ ಪದಗಳನ್ನೆಲ್ಲ ಅಳಿಸಿ ಅದೊಂದನ್ನೇ ಇಟ್ಟುಕೊಳ್ಳುತ್ತಾರೆ. ಅಷ್ಟೇ ನಿಯಮ.

ಕಂಪ್ಯೂಟರ್ ತೆರೆಯುವ ಮೊದಲು ಇದನ್ನು ಮಕ್ಕಳ ಕೈಯಲ್ಲೇ ಆಡಿಸಿ. ಇದು ನನ್ನ ಗಟ್ಟಿ ಸಲಹೆ. ನಾವು ಒಂದು ರಟ್ಟಿನ ಮೇಲೆ ಮೂರು ಕೊಂಬಿನ, ಒಂದು ಬಾಲದ, ಯಾವ ಭಾಷೆಯಲ್ಲೂ ಹೆಸರಿಲ್ಲದ ಆಕಾರ ಬರೆದು ಗೋಡೆಗೆ ಅಂಟಿಸಿದೆವು. ಪ್ರತಿ ಮಗುವಿನ ಕೈಯಲ್ಲಿ ನೋಟ್‌ಬುಕ್ಕಿನ ಕೊನೆ ಪುಟ. ಹೆಸರುಗಳ ಚೀಟಿ ಒಂದು ಸ್ಟೀಲ್ ಡಬ್ಬಿಯಲ್ಲಿ. ಶುರುವಿಗೆ ಗದ್ದಲವೋ ಗದ್ದಲ. ಗಿಜ್ಜು, ಟಕೋಬಾ, ಮುಕ್ಕೊಂಬ, ಪಿಲೂ, ಬುರ್ಕಿ ಅಂತ ಒಬ್ಬೊಬ್ಬರದು ಒಂದೊಂದು. ಸ್ವಲ್ಪ ಹೊತ್ತಿಗೆ ಎಲ್ಲರ ಪುಟದಲ್ಲೂ ಮೂರು ನಾಲ್ಕು ಪದ. ಯಾರೂ ಯಾರನ್ನೂ ಒಪ್ಪುತ್ತಿಲ್ಲ ಅನ್ನಿಸುತ್ತದೆ. ಮುಗಿಯುವ ಲಕ್ಷಣವೇ ಇಲ್ಲ ಅಂದುಕೊಳ್ಳುವಷ್ಟರಲ್ಲಿ ಒಂದು ಜೋಡಿ ಪಿಲೂಗೆ ಒಪ್ಪಿ ಬೇರೆ ಪದಗಳನ್ನು ಗೀಚಿ ಹಾಕಿತು, ಇನ್ನೊಂದು ಜೋಡಿಯೂ ಅದನ್ನೇ ಮಾಡಿತು, ಆಮೇಲೆ ನೋಡನೋಡುತ್ತಿದ್ದ ಹಾಗೆ ಇಡೀ ಕೋಣೆ ಪಿಲೂ ಅನ್ನುತ್ತಿತ್ತು. ಮುಕ್ಕೊಂಬ ಅನ್ನೋದು ಆ ಆಕಾರಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತಿತ್ತು! ಆದರೂ ಗೆಲ್ಲಲಿಲ್ಲ. ಈ ನಿಯಮದಲ್ಲಿ ಚೆನ್ನಾಗಿ ಹೊಂದುವುದಕ್ಕೆ ಅಂಕ ಇಲ್ಲ. ಯಾರು ಯಾವಾಗ ಯಾರಿಗೆ ಸಿಕ್ಕರು ಅನ್ನೋದೇ ಎಲ್ಲ.

ಇದಾದ ಮೇಲೆ ಪರದೆ ತೋರಿಸಿದರೆ ಮಕ್ಕಳು ತಾವೇ ಆ ಚುಕ್ಕೆಗಳು ಅಂದುಕೊಂಡು ನೋಡುತ್ತಾರೆ.

ಬರೆಯುವಾಗ ಒಂದು ಮಾತು ನೆನಪಿಡಿ. ಪದವನ್ನು ಅಕ್ಷರದಲ್ಲಿ ತೋರಿಸಲು ಹೋಗಬೇಡಿ. ಒಂದೊಂದು ಪದಕ್ಕೂ ಒಂದು ಸಂಖ್ಯೆ, ಆ ಸಂಖ್ಯೆಗೊಂದು ಬಣ್ಣ ಸಾಕು. ಒಂದೇ ಪದ ಇರುವ ಏಜೆಂಟಿಗೆ ಆ ಪದದ ಬಣ್ಣ, ಒಂದಕ್ಕಿಂತ ಜಾಸ್ತಿ ಇದ್ದರೆ ಬೂದು. ಪಕ್ಕದಲ್ಲಿ ಮೂರು ಗ್ರಾಫ್ ಹಾಕಿ. ಎಲ್ಲರ ಪಟ್ಟಿ ಸೇರಿ ಒಟ್ಟು ಎಷ್ಟು ಪದ, ಅದರಲ್ಲಿ ಬೇರೆಬೇರೆ ಪದ ಎಷ್ಟು, ಮತ್ತು ಇತ್ತೀಚಿನ ಆಟಗಳಲ್ಲಿ ನೂರಕ್ಕೆ ಎಷ್ಟು ಗೆದ್ದವು. ಈ ಮೂರು ಗೆರೆ ನೋಡುವುದರಲ್ಲೇ ಅರ್ಧ ಪಾಠ ಇದೆ. ಬೇರೆಬೇರೆ ಪದಗಳ ಗೆರೆ ಬೇಗ ಏರಿ ಜನರ ಸಂಖ್ಯೆಯ ಅರ್ಧದ ಹತ್ತಿರ ನಿಲ್ಲುತ್ತದೆ. ಒಟ್ಟು ಪದಗಳ ಗೆರೆ ಗುಡ್ಡದ ಹಾಗೆ ಬಹಳ ಹೊತ್ತು ಏರಿ, ಆಮೇಲೆ ಇಳಿಯುತ್ತದೆ. ಗೆಲುವಿನ ಗೆರೆ ಮಾತ್ರ ನೆಲಕ್ಕಂಟಿಕೊಂಡು ತೆವಳುತ್ತದೆ, ತೆವಳುತ್ತದೆ, ಆಮೇಲೆ ಒಮ್ಮೆಲೇ ಮೇಲಕ್ಕೆ ಹಾರಿಬಿಡುತ್ತದೆ. ನಿಧಾನವಾಗಿ ಒಪ್ಪಂದ ಬೆಳೆಯುತ್ತದೆ ಅನ್ನೋದು ನಮ್ಮ ಊಹೆ. ಪರದೆ ಬೇರೆಯೇ ಹೇಳುತ್ತದೆ. ಬಹಳ ಹೊತ್ತು ಹೊರಗಿನಿಂದ ಏನೂ ಆಗುತ್ತಿಲ್ಲ ಅನ್ನುವ ಹೊತ್ತಿನಲ್ಲೇ ಒಳಗೆ ಎಲ್ಲರ ಪಟ್ಟಿಗಳು ಒಂದನ್ನೊಂದು ಹೋಲತೊಡಗಿರುತ್ತವೆ.

ಎಲ್ಲರೂ ಎಲ್ಲರಿಗೂ ಸಿಗಬಹುದಾದ ಗುಂಪಿನಲ್ಲಿ ಬೇಕಾಗುವ ಆಟಗಳು ಜನಸಂಖ್ಯೆಯ ಒಂದೂವರೆ ಘಾತಕ್ಕೆ ಬೆಳೆಯುತ್ತವೆ. ಅಂದರೆ ಜನ 4 ಪಟ್ಟಾದರೆ ಆಟಗಳು ಸುಮಾರು 8 ಪಟ್ಟು. ಜನರ ಸಂಖ್ಯೆಗೆ ಒಂದು ಸ್ಲೈಡರ್ (ಎಳೆದು ಸಂಖ್ಯೆ ಹೆಚ್ಚು ಕಡಿಮೆ ಮಾಡುವ ಗುಂಡಿ) ಇಟ್ಟು, ಎಳೆದು ನೀವೇ ಎಣಿಸಿ ನೋಡಬಹುದು. ಗಣಿತ ಇಷ್ಟಪಡುವ ಹತ್ತನೇ ಕ್ಲಾಸಿನ ಮಕ್ಕಳಿಗೆ ಈ ಕೆಲಸ ಕೊಡಿ, ಬಿಟ್ಟು ಏಳುವುದಿಲ್ಲ.

ಈಗ ಎರಡನೇ ಆಟ, ನನಗೆ ಇನ್ನೂ ಇಷ್ಟವಾದದ್ದು. ಟರ್ಟಲ್‌ಗಳನ್ನು ಬಿಡಿ, ಪ್ಯಾಚ್‌ಗಳನ್ನೇ ಜನ ಅಂದುಕೊಳ್ಳಿ. ನೆಟ್‌ಲೋಗೋ ತೆರೆದಾಗ ಸಿಗುವ ನೆಲ 33 ಸಾಲು, 33 ಕಂಬ, ಒಟ್ಟು 1089 ಚೌಕ. ಪ್ರತಿ ಚೌಕ ಸುತ್ತಲಿನ ನಾಲ್ಕು ಚೌಕಗಳ ಜೊತೆ ಮಾತ್ರ ಮಾತಾಡಲಿ. ಕೋಡಿನಲ್ಲಿ ಬದಲಾಗುವುದು ಕೆಲವೇ ಸಾಲು. ಓಡಿಸಿದರೆ ಮೊದಲು ಎಲ್ಲ ಚೆಲ್ಲಾಪಿಲ್ಲಿ ಬಣ್ಣ, ಆಮೇಲೆ ಸಣ್ಣಸಣ್ಣ ಕೇರಿಗಳು, ಕೇರಿಗಳು ಸೇರಿ ಊರುಗಳು, ನಡುವೆ ಬೂದು ಬಣ್ಣದ ಗಡಿ. ಗಡಿಯ ಮೇಲಿರುವವರಿಗೆ ಎರಡೂ ಕಡೆಯ ಪದ ಗೊತ್ತು! ಇದನ್ನು ನಾವು ಯಾರೂ ಬರೆದಿಲ್ಲ, ತಾನಾಗಿ ಬಂತು. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಮಂದಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನೂ ನೋಡುತ್ತಾ ಇರಿ. ದೊಡ್ಡ ಬಣ್ಣದ ನಡುವೆ ಸಿಕ್ಕಿಕೊಂಡ ಸಣ್ಣ ದ್ವೀಪ ಸುತ್ತಲಿಂದ ಸವೆಯುತ್ತಾ ಹೋಗುತ್ತದೆ. ಗಡಿ ಬಾಗಿರುವ ಕಡೆ, ಬಾಗಿನ ಒಳಗಿರುವವರಿಗೆ ಹೊರಗಿನವರೇ ಜಾಸ್ತಿ ಸಿಗುತ್ತಾರೆ. ಹಾಗಾಗಿ ದ್ವೀಪ ಕುಗ್ಗುತ್ತದೆ, ಕುಗ್ಗಿದಷ್ಟೂ ಬೇಗ ಕುಗ್ಗುತ್ತದೆ. ಗಡಿ ನೇರ ಗೆರೆಯಾದರೆ ಯಾವ ಕಡೆಗೂ ಎಳೆತ ಇಲ್ಲ. ನೆಟ್‌ಲೋಗೋದ ನೆಲ ಸುಮ್ನೆ ಬಿಟ್ಟರೆ ಎಡದ ಅಂಚು ಬಲಕ್ಕೂ ಮೇಲಿನದು ಕೆಳಕ್ಕೂ ಅಂಟಿಕೊಂಡಿರುತ್ತದೆ. ಆದ್ದರಿಂದ ಕೆಲವು ಸಲ ಎರಡು ಬಣ್ಣಗಳು ಎರಡು ಅಗಲ ಪಟ್ಟೆಗಳಾಗಿ ಬಹಳ ಹೊತ್ತು ನಿಂತುಬಿಡುತ್ತವೆ. ಕೋಡು ಕೆಟ್ಟಿತು ಅಂತ ನಿಲ್ಲಿಸಬೇಡಿ, ಅದು ಸರಿಯಾಗಿಯೇ ಇದೆ. ಇಲ್ಲಿ ಜನ 4 ಪಟ್ಟಾದರೆ ಬೇಕಾಗುವ ಆಟ 16 ಪಟ್ಟಿನ ಹತ್ತಿರ. ನೆರೆಯವರ ಜೊತೆ ಮಾತ್ರ ಮಾತಾಡುವ ಊರಿನಲ್ಲಿ ಒಂದು ಪದ ಎಲ್ಲ ಕಡೆ ನಿಲ್ಲಲು ಅಷ್ಟು ಹೊತ್ತು ಹಿಡಿಯುತ್ತದೆ. ಆದರೆ ಒಬ್ಬೊಬ್ಬರ ತಲೆ ಮೇಲಿನ ಭಾರ ಕಡಿಮೆ: ಸಾಮಾನ್ಯವಾಗಿ ಯಾರೂ ಎರಡು ಮೂರು ಪದಕ್ಕಿಂತ ಜಾಸ್ತಿ ನೆನಪಿಟ್ಟುಕೊಳ್ಳಬೇಕಾಗಿಲ್ಲ.

ಆಮೇಲೆ ಅಲ್ಲೊಂದು ಇಲ್ಲೊಂದು ದೂರದ ಗೆಳೆತನ ಸೇರಿಸಿ. ನೂರರಲ್ಲಿ ಐದಾರು ಚೌಕಗಳಿಗೆ ಪರದೆಯ ಇನ್ನೊಂದು ಮೂಲೆಯ ಚೌಕದ ಜೊತೆ ಮಾತಾಡಲು ಬಿಟ್ಟರೆ ಸಾಕು, ದಿನಾ ಫಾಸ್ಟ್ ಲೋಕಲ್ ರೈಲು ಹಿಡಿದು ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ನಿಗೆ ಹೋಗಿ ಬರುವ ಜನ ಊರನ್ನು ಹೊಲಿದ ಹಾಗೆ ಇಡೀ ನೆಲ ಬೇಗ ಒಂದಾಗುತ್ತದೆ. ತಲೆ ಮೇಲಿನ ಭಾರ ಆಗಲೂ ಹೆಚ್ಚುವುದಿಲ್ಲ. ಎರಡೂ ಕಡೆಯ ಲಾಭ.

ಈ ದ್ವೀಪ ಕುಗ್ಗುವುದನ್ನು ನೋಡಿ ನನಗೆ ನಿಜವಾಗಿ ಸಂಕಟವಾಯಿತು. ನಮ್ಮ ಕ್ಲಾಸೇ ಅಂಥ ಒಂದು ದ್ವೀಪ ಅಲ್ವಾ? ಹಾಗಾದರೆ ಕುಗ್ಗಲೇಬೇಕಾ? ಇಲ್ಲೇ ಮಕ್ಕಳು ನನಗಿಂತ ಮುಂದೆ ಹೋದರು. ರಟ್ಟಿನ ಆಟದ ಹೊತ್ತಿಗೇ ಒಬ್ಬ ಹುಡುಗ ತಕರಾರು ಎತ್ತಿದ್ದ. "ಗೀಚಿ ಹಾಕಿದ್ದೀನಿ ಟೀಚರ್, ಆದ್ರೆ ಬುರ್ಕಿ ನಂಗಿನ್ನೂ ನೆನಪಿದೆ. ಅದನ್ನ್ಯಾಕೆ ಮರೀಬೇಕು?" ಎಷ್ಟು ಸರಿಯಾದ ತಕರಾರು! ಆಟದ ನಿಯಮದಲ್ಲಿ ತೀರಾ ಬಿಗಿಯಾದ ಸಾಲು ಅದೇ. ಒಂದು ಸಲ ಒಪ್ಪಿದ ತಕ್ಷಣ ಬೇರೆಲ್ಲ ಮರೆತುಬಿಡು ಅನ್ನುತ್ತದೆ. ಮುಂಬೈಯಲ್ಲಿ ಯಾರು ಹಾಗೆ ಬದುಕುತ್ತಾರೆ? ತರಕಾರಿಯವನ ಹತ್ತಿರ ಮರಾಠಿಯ ನಾರಳ್, ಮನೆಯಲ್ಲಿ ತೆಂಗಿನಕಾಯಿ, ಅಜ್ಜಿಯ ಹತ್ತಿರ ತುಳುವಿನ ತಾರಾಯಿ. ಮೂರೂ ಒಂದೇ ನಾಲಿಗೆ ಮೇಲೆ, ಒಂದೇ ದಿನ.

ಈ ತಕರಾರನ್ನು ನೆಟ್‌ಲೋಗೋದಲ್ಲಿ ಒಂದು ಸ್ಲೈಡರ್ ಮಾಡಿಬಿಡಬಹುದು. ಇದಕ್ಕಾಗಿಯೇ ನಾನು ಈ ಸಾಧನವನ್ನು ಇಷ್ಟು ಹೊಗಳುತ್ತಿರುವುದು. ಒಪ್ಪಿದ ಮೇಲೆ ಖಂಡಿತ ಅಳಿಸು ಅನ್ನುವ ಬದಲು ಇಷ್ಟು ಸಾಧ್ಯತೆಯಲ್ಲಿ ಅಳಿಸು ಅಂತ ಬರೆಯಬೇಕು. 1 ಅಂದರೆ ಯಾವಾಗಲೂ ಅಳಿಸು, 0 ಅಂದರೆ ಯಾವತ್ತೂ ಅಳಿಸಬೇಡ. ಬರೊಂಕೆಲ್ಲಿ ಮತ್ತು ಜೊತೆಗಾರರು 2007ರಲ್ಲಿ ತೋರಿಸಿದ ಪ್ರಕಾರ, ಎಲ್ಲರೂ ಎಲ್ಲರಿಗೂ ಸಿಗುವ ಗುಂಪಿನಲ್ಲಿ ಈ ಸಂಖ್ಯೆ ಮೂರರಲ್ಲಿ ಒಂದಕ್ಕಿಂತ ಮೇಲಿದ್ದರೆ ಕೊನೆಗೆ ಒಂದೇ ಪದ ಉಳಿಯುತ್ತದೆ. ಅದಕ್ಕಿಂತ ಕೆಳಗಿಳಿದರೆ ಒಂದಕ್ಕಿಂತ ಹೆಚ್ಚು ಪದಗಳು ಜೊತೆಜೊತೆಗೆ ಉಳಿದುಬಿಡುತ್ತವೆ. ನಾವು ಸ್ಲೈಡರನ್ನು 0.5ರಲ್ಲಿಟ್ಟು ಓಡಿಸಿದೆವು, ಒಂದೇ ಬಣ್ಣ. ಆಮೇಲೆ 0.2ಕ್ಕೆ ಇಳಿಸಿದೆವು. ಪದಗಳ ಗೆರೆ ಕೆಳಗಿಳಿದು ಒಂದಕ್ಕೆ ಬಂದು ಮುಟ್ಟಲೇ ಇಲ್ಲ. ಬೂದು ಬಣ್ಣದ ಏಜೆಂಟುಗಳೇ ಪರದೆ ತುಂಬ. ಇಲ್ಲಿ ಬೂದು ಅಂದರೆ ಗೊತ್ತಿಲ್ಲದವರು ಅಂತ ಅಲ್ಲ, ಒಂದಕ್ಕಿಂತ ಜಾಸ್ತಿ ಗೊತ್ತಿರುವವರು. ಇನ್ನೊಬ್ಬರ ಮಾತನ್ನು ಒಪ್ಪಿಕೊಂಡೂ ತನ್ನದನ್ನು ಇಟ್ಟುಕೊಳ್ಳುವುದು ಸಾಧ್ಯ, ಅದಕ್ಕೆ ಬೇಕಾಗುವುದು ಮರೆಯುವ ಅವಸರ ಇಲ್ಲದಿರುವುದು. ನಾನು ಭಾನುವಾರ ಬೆಳಗ್ಗೆ ಎದ್ದು ಹೋಗುವುದು ಇದಕ್ಕೇ. ಅದನ್ನು ಒಂದು ಗ್ರಾಫಿನಲ್ಲಿ ನೋಡಿದ್ದು ನನಗೆ ದೊಡ್ಡ ಸಮಾಧಾನ.

ಇದು ಮಾದರಿ, ಮುಂಬೈ ಅಲ್ಲ. ಮೂರರಲ್ಲಿ ಒಂದು ಅನ್ನೋ ಸಂಖ್ಯೆಯನ್ನು ಎತ್ತಿಕೊಂಡು ಹೋಗಿ ಮನೆಗಳ ಲೆಕ್ಕ ಹಾಕಬಾರದು. ಆದರೆ ಎಲ್ಲಿ ತಿರುಪು ಇದೆ ಅಂತ ತೋರಿಸುತ್ತದೆ, ಅದು ಕಡಿಮೆ ಮಾತಲ್ಲ.

ಇನ್ನೊಂದು ಸ್ಲೈಡರ್ ಹಟಮಾರಿಗಳದು. ಕೆಲವು ಏಜೆಂಟುಗಳಿಗೆ ಏನೇ ಕೇಳಿದರೂ ತನ್ನ ಪದ ಬಿಡಬೇಡ ಅಂತ ಹೇಳಿಟ್ಟು, ಉಳಿದವರೆಲ್ಲ ಬೇರೊಂದು ಪದದಿಂದ ಶುರುಮಾಡಲಿ. ಎರಡೇ ಪದಗಳ ಈ ಆಟದಲ್ಲಿ ಹಟಮಾರಿಗಳು ನೂರಕ್ಕೆ ಸುಮಾರು 10 ದಾಟಿದರೆ ಇಡೀ ಗುಂಪು ಬೇಗ ಅವರ ಕಡೆ ತಿರುಗುತ್ತದೆ, ಅದಕ್ಕಿಂತ ಕಡಿಮೆ ಇದ್ದರೆ ಕಾಯುವ ಹೊತ್ತು ವಿಪರೀತ ಉದ್ದವಾಗುತ್ತದೆ. 2011ರ ಒಂದು ಅಧ್ಯಯನದ ಫಲಿತಾಂಶ ಇದು, ನಿಮ್ಮ ಪರದೆ ಮೇಲೂ ಅದೇ ಕಾಣುತ್ತದೆ. ನಿಜವಾದ ಜನರನ್ನು ಕೂರಿಸಿ ಡೇಮನ್ ಸೆಂಟೋಲಾ ಮತ್ತು ಜೊತೆಗಾರರು 2018ರಲ್ಲಿ ಮಾಡಿದ ಪ್ರಯೋಗದಲ್ಲಿ ಆ ಗೆರೆ ನೂರಕ್ಕೆ 25ರ ಹತ್ತಿರ ಇತ್ತು. ಮಕ್ಕಳು ಈ ಸ್ಲೈಡರನ್ನು ಬಿಟ್ಟುಕೊಡುವುದೇ ಇಲ್ಲ. ಒಂಬತ್ತಕ್ಕಿಟ್ಟು ಕಾಯುವುದು, ಹನ್ನೆರಡಕ್ಕಿಟ್ಟು ಕೂಗುವುದು.

ಮುಂಬೈ ಅಂದ ಮೇಲೆ ಮನೆಯೂಟದ ಡಬ್ಬಿಯನ್ನು ಆಫೀಸಿಗೆ ತಲುಪಿಸುವ ಡಬ್ಬಾವಾಲಾಗಳ ಗುರುತಿನ ಮಾತು ಬಂದೇ ಬರುತ್ತದೆ. ಡಬ್ಬದ ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಅಕ್ಷರ ಮತ್ತು ಅಂಕಿ. ಯಾವ ಸ್ಟೇಷನ್ನಿನಿಂದ ಬಂತು, ಎಲ್ಲಿ ಇಳಿಯಬೇಕು, ಯಾವ ಕಟ್ಟಡ, ಎಷ್ಟನೇ ಮಹಡಿ, ಎಲ್ಲ ಅದರಲ್ಲೇ. ಇದೂ ಹಾಗೇ ತಾನಾಗಿ ಹುಟ್ಟಿತಾ ಅಂತ ಕೇಳುತ್ತಾರೆ. ಇಲ್ಲ, ಅದು ಬೇರೆ ಜಾತಿಯದು. ಅಲ್ಲಿ ಹೊಸಬನಿಗೆ ಹೇಳಿಕೊಡುವವರಿದ್ದಾರೆ, ಗುಂಪಿಗೆ ಮುಖ್ಯಸ್ಥ ಇದ್ದಾನೆ. ನೇಮಿಂಗ್ ಗೇಮ್‌ನಲ್ಲಿ ಹೇಳಿಕೊಡುವವರು ಯಾರೂ ಇಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಮಾತಾಡಿಸಿದರೆ ಮಕ್ಕಳಿಗೆ ವ್ಯತ್ಯಾಸ ಚೆನ್ನಾಗಿ ತಲೆಗೆ ಹೋಗುತ್ತದೆ.

ಈಗ ಇದರಿಂದ ಏನು ಆಗುವುದಿಲ್ಲ ಅನ್ನೋದನ್ನೂ ಹೇಳಬೇಕು. ನಮ್ಮ ಏಜೆಂಟಿಗೆ ಅರ್ಥ ಗೊತ್ತಿಲ್ಲ. 17 ಅನ್ನೋ ಸಂಖ್ಯೆ ಮತ್ತು ಗೋಡೆ ಮೇಲಿನ ಮೂರು ಕೊಂಬಿನ ಆಕಾರದ ನಡುವೆ ಸಂಬಂಧ ಇಟ್ಟವರು ನಾವು. ಸಂಕೇತಕ್ಕೆ ಲೋಕದ ಜೊತೆ ಗಂಟು ಎಲ್ಲಿ ಬೀಳುತ್ತದೆ ಅನ್ನೋ ಈ ಪ್ರಶ್ನೆಯನ್ನು ಸ್ಟೀವನ್ ಹಾರ್ನಡ್ 1990ರಲ್ಲೇ ಮುಂದಿಟ್ಟಿದ್ದರು, ಸ್ಟೀಲ್ಸ್ ಕ್ಯಾಮೆರಾ ಇಟ್ಟದ್ದೂ ಇದೇ ಕಾರಣಕ್ಕೆ. ವ್ಯಾಕರಣವೂ ಇದರಲ್ಲಿ ಹುಟ್ಟುವುದಿಲ್ಲ. ಅದಕ್ಕೆ ತಲೆಮಾರು ಬೇಕು. ಸೈಮನ್ ಕರ್ಬಿ ಮತ್ತು ಜೊತೆಗಾರರು 2008ರಲ್ಲಿ, ಚಲಿಸುವ ಬಣ್ಣದ ಆಕಾರಗಳಿಗೆ ಹೆಸರಿಡುವ ಒಂದು ಕೃತಕ ಭಾಷೆಯನ್ನು ಒಬ್ಬರಿಂದ ಒಬ್ಬರಿಗೆ ಕಲಿಸುತ್ತಾ ಹೋದರು. ಒಬ್ಬರು ಕಲಿತು ಬರೆದದ್ದೇ ಮುಂದಿನವರಿಗೆ ಪಾಠ. ಬರಬರುತ್ತಾ ಭಾಷೆ ಕಲಿಯಲು ಸುಲಭವಾಯಿತು, ಪದದ ತುಣುಕುಗಳು ಬಣ್ಣಕ್ಕೆ ಒಂದು, ಚಲನೆಗೆ ಒಂದು ಅಂತ ಹಂಚಿಕೊಂಡು ನಿಂತವು. ಎಲ್ಲವನ್ನೂ ಕಲಿಯಲು ಸಮಯ ಇಲ್ಲದಿದ್ದಾಗಲೇ ಕ್ರಮ ಹುಟ್ಟುತ್ತದೆ ಅನ್ನೋದು ಅದರ ಸಾರ. ಈ ಥರದ್ದನ್ನೂ ನೆಟ್‌ಲೋಗೋದಲ್ಲಿ ಬರೆಯಬಹುದು, ಆದರೆ ಅದು ಹೊಸಬರ ಕೆಲಸ ಅಲ್ಲ.

ನ್ಯೂರಲ್ ನೆಟ್‌ವರ್ಕ್ (ಉದಾಹರಣೆ ನೋಡಿ ತಾನೇ ಕಲಿಯುವ ಪ್ರೋಗ್ರಾಮ್) ಏಜೆಂಟುಗಳು ಬೇಕು ಅನ್ನುವವರಿಗೆ ಇದು ಬೇಡ. ಚಿತ್ರ ನೋಡಿ ಸಂಕೇತ ಕಳಿಸುವ ಏಜೆಂಟುಗಳ ಕೆಲಸ 2017ರ ಸುಮಾರಿಗೆ ಜೋರಾಗಿ ಶುರುವಾಯಿತು. ಅದಕ್ಕೆ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಮತ್ತು ಇಜಿಜಿ ಅನ್ನೋ ಟೂಲ್‌ಕಿಟ್ ಇದೆ. ಅಲ್ಲಿಯ ಒಂದು ಸಂಗತಿ ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ಮನುಷ್ಯರ ಭಾಷೆಯಲ್ಲಿ ಹೆಚ್ಚು ಬಳಕೆಯ ಪದ ಚಿಕ್ಕದಾಗಿರುತ್ತದೆ. ಆದರೆ 2019ರಲ್ಲಿ ರಹ್ಮಾ ಶಾಬೂನಿ ಮತ್ತು ಜೊತೆಗಾರರು ನೋಡಿದ ಏಜೆಂಟುಗಳು ಹೆಚ್ಚು ಬಳಸುವುದಕ್ಕೇ ಉದ್ದುದ್ದ ಸಂದೇಶ ಕೊಟ್ಟವು. ಉದ್ದ ಹೇಳಲು ಅವಕ್ಕೆ ಆಯಾಸ ಇಲ್ಲವಲ್ಲ! ಆಯಾಸ ಇರುವ ಬಾಯಿಯೂ ಭಾಷೆಯ ಒಂದು ಭಾಗ. ಈಗಂತೂ ದೊಡ್ಡ ಭಾಷಾ ಮಾದರಿಗಳನ್ನೇ (ಚಾಟ್‌ಜಿಪಿಟಿ ಥರದವುಗಳ ಒಳಗಿರುವಂಥವು) ಇಟ್ಟುಕೊಂಡು ಇದೇ ನೇಮಿಂಗ್ ಗೇಮ್ ಆಡಿಸಿದ್ದಾರೆ. 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವೂ ತಾವೇ ಒಂದು ರೂಢಿಗೆ ಬಂದು ನಿಂತವು. ಒಂದೊಂದನ್ನೇ ಕೇಳಿದರೆ ಒಲವು ಕಾಣದಿದ್ದರೂ ಗುಂಪಾದಾಗ ಒಂದು ಪದದ ಕಡೆ ವಾಲಿದವು. ಆಟ ಹಳೆಯದು, ಆಡುವವರು ಹೊಸಬರು.

ಬಳಕೆಯ ವಿಷಯಕ್ಕೆ ಬಂದರೆ: ಕೋಡಿನ ಪದಗಳೆಲ್ಲ ಇಂಗ್ಲಿಷ್, ಮೆನು ಕನ್ನಡದಲ್ಲಿಲ್ಲ. ಆದರೆ ಆಸ್ಕ್, ಸೆಟ್, ಇಫ್ ಅನ್ನುವಂಥ ಪದಗಳೇ ಹೆಚ್ಚು, ಮಕ್ಕಳಿಗೆ ತೊಡಕಾಗಲಿಲ್ಲ. ಸಾವಿರಾರು ಏಜೆಂಟು ಇಟ್ಟಾಗ ಓಟ ನಿಧಾನವಾದರೆ ಮೇಲಿರುವ ವ್ಯೂ ಅಪ್‌ಡೇಟ್ಸ್ ಅನ್ನೋ ಟಿಕ್ ತೆಗೆಯಿರಿ, ಚಿತ್ರ ನಿಲ್ಲುತ್ತದೆ, ಲೆಕ್ಕ ಓಡುತ್ತದೆ. ಒಂದೇ ಓಟವನ್ನು ಮತ್ತೆ ಅದೇ ಥರ ನೋಡಬೇಕಾದರೆ ರ‍್ಯಾಂಡಮ್ ಸೀಡ್ (ಚೀಟಿ ಎತ್ತುವ ಲೆಕ್ಕ ಶುರುವಾಗುವ ಸಂಖ್ಯೆ) ಕೊಡಿ. ಒಂದು ಓಟ ನೋಡಿ ತೀರ್ಮಾನಕ್ಕೆ ಬರಬೇಡಿ, ಬಿಹೇವಿಯರ್‌ಸ್ಪೇಸ್ ಅನ್ನೋ ಭಾಗ ಒಂದೇ ಮಾದರಿಯನ್ನು ಬೇಕಾದಷ್ಟು ಸಲ ಓಡಿಸಿ ಪಟ್ಟಿ ಮಾಡಿಕೊಡುತ್ತದೆ. ಮೊಬೈಲಿನಲ್ಲಿ ಮಾಡಬಹುದಾ ಅಂತ ಬಹಳ ಜನ ಕೇಳುತ್ತಾರೆ. ಬ್ರೌಸರಿನಲ್ಲಿ ಓಡುವ ನೆಟ್‌ಲೋಗೋ ವೆಬ್ ಇದೆ, ನೋಡಲು ಸಾಕು, ಬರೆಯಲು ಲ್ಯಾಪ್‌ಟಾಪ್ ಬೇಕು.

ದುಡ್ಡಿನ ಮಾತು. ಊರಲ್ಲಿ ಒಂದು ತರಬೇತಿ ಕೇಂದ್ರ ವಾರಾಂತ್ಯದ ಕ್ಲಾಸಿಗೆ ದೊಡ್ಡ ಫೀಸು ಕೇಳಿತು. ವಿಚಾರಿಸಿದರೆ ಅವರು ತೋರಿಸುವುದು ಮಾಡೆಲ್ಸ್ ಲೈಬ್ರರಿಯಲ್ಲಿ ಉಚಿತವಾಗಿ ಸಿಗುವ ಮಾದರಿಗಳನ್ನೇ, ಮಕ್ಕಳಿಂದ ಒಂದು ಸಾಲೂ ಬರೆಸುವುದಿಲ್ಲ. ದಯವಿಟ್ಟು ಅಂಥದ್ದಕ್ಕೆ ಕೊಡಬೇಡಿ. ಪ್ರತಿ ಮಾದರಿಯ ಜೊತೆ ಇನ್ಫೋ ಅನ್ನೋ ಪುಟ ಇರುತ್ತದೆ. ಏನು ನೋಡಬೇಕು, ಏನು ಬದಲಾಯಿಸಬೇಕು ಅಂತ ಬಿಡಿಸಿ ಬರೆದಿದ್ದಾರೆ. ಅದನ್ನು ಓದಿ ಹೇಳಲು ಮನೆಯಲ್ಲಿ ಒಬ್ಬ ದೊಡ್ಡವರು ಇದ್ದರೆ ಆಯಿತು. ನೀವು ಹೊಸದಾಗಿ ಬರೆದ ಮಾದರಿಯ ಇನ್ಫೋ ಪುಟವನ್ನು ಕನ್ನಡದಲ್ಲೇ ಬರೆಯಿರಿ, ಮುಂದೆ ಬರುವ ಮಕ್ಕಳಿಗೆ ಆಗುತ್ತದೆ.

ಏಳನೇ ಕ್ಲಾಸಿನ ಮೇಲಿನ ಮಕ್ಕಳಿಗೆ, ಭಾಷೆಯ ಮೇಷ್ಟ್ರುಗಳಿಗೆ, ಕನ್ನಡ ಸಂಘಗಳಲ್ಲಿ ಕ್ಲಾಸು ನಡೆಸುವವರಿಗೆ ಇದು ಖಂಡಿತ ಬೇಕು. ಶಾಲೆಯ ಲ್ಯಾಬಿನಲ್ಲಿ ನೆಟ್ ಇಲ್ಲದಿದ್ದರೆ ನೆಟ್‌ಲೋಗೋ ವೆಬ್‌ನಲ್ಲಿ ಮಾದರಿಯನ್ನು ಒಂದೇ ಎಚ್‌ಟಿಎಂಎಲ್ ಫೈಲಾಗಿ ಉಳಿಸಿ ಪೆನ್‌ಡ್ರೈವಿನಲ್ಲಿ ಒಯ್ಯಿರಿ, ಎಲ್ಲ ಕಂಪ್ಯೂಟರಿನ ಬ್ರೌಸರಿನಲ್ಲೂ ತೆರೆದುಕೊಳ್ಳುತ್ತದೆ. ಮರೆಯುವ ಸ್ಲೈಡರನ್ನು ಮಾತ್ರ ಮೊದಲೇ ಹಾಕಿಟ್ಟುಕೊಂಡು ಹೋಗಿ, ಮಕ್ಕಳು ಕೇಳಿಯೇ ಕೇಳುತ್ತಾರೆ.